ಮನಸ್ಸಿಗೊಂದು ಪ್ರಯೋಗಶಾಲೆ

ಮನಸ್ಸನ್ನು ಕುರಿತ ವಿಚಾರ ನಮ್ಮ ನಾಡಿಗೆ ಹೊಸದೇನೂ ಅಲ್ಲ. ಚಿತ್ತವೃತ್ತಿಗಳನ್ನು ಎಣಿಸಿ ಹೆಸರಿಟ್ಟ ಯೋಗಶಾಸ್ತ್ರವೂ, ಸ್ಥಾಯಿ-ಸಂಚಾರಿ ಭಾವಗಳನ್ನು ವಿಂಗಡಿಸಿದ ಕಾವ್ಯಮೀಮಾಂಸೆಯೂ ನಮ್ಮಲ್ಲಿದ್ದವು. ಆದರೆ ಪಠ್ಯಕ್ರಮ, ಪ್ರಯೋಗಶಾಲೆ, ಪದವಿಗಳೊಡನೆ ಮನಶ್ಶಾಸ್ತ್ರವು ಸ್ವತಂತ್ರ ವಿಷಯವಾಗಿ ಭಾರತದ ವಿಶ್ವವಿದ್ಯಾನಿಲಯಗಳನ್ನು ಪ್ರವೇಶಿಸಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಅದರ ಮಾದರಿ ನಮ್ಮದಲ್ಲ. 1879ರಲ್ಲಿ ವಿಲ್ಹೆಲ್ಮ್ ವುಂಟ್ ಲೈಪ್‌ಜಿಗ್‌ನಲ್ಲಿ ತೆರೆದ ಪ್ರಯೋಗಶಾಲೆಯದು.

1905ರಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯಕ್ಕಾಗಿ ಪ್ರಾಯೋಗಿಕ ಮನಶ್ಶಾಸ್ತ್ರದ ಪಠ್ಯಕ್ರಮವನ್ನು ರಚಿಸಿದವರು ಬ್ರಜೇಂದ್ರನಾಥ ಶೀಲರು. ಅವರು ತತ್ತ್ವಶಾಸ್ತ್ರದ ಆಚಾರ್ಯರು ಎಂಬುದು ಗಮನಾರ್ಹ. ತಾಯಿಯ ಮನೆಯಿಂದ ಮಗಳನ್ನು ಬೇರೆ ಸಂಸಾರ ಹೂಡಲು ಕಳುಹಿಸಿಕೊಟ್ಟಂತಾಯಿತು. 1916ರಲ್ಲಿ ಅಲ್ಲಿ ವಿಭಾಗವೇ ಆರಂಭವಾಗಿ, ಹಾರ್ವರ್ಡಿನಲ್ಲಿ ಮ್ಯೂನ್‌ಸ್ಟರ್‌ಬರ್ಗರ ಬಳಿ ಕಲಿತು ಬಂದ ನರೇಂದ್ರನಾಥ ಸೇನಗುಪ್ತರು ಅದರ ಹೊಣೆ ಹೊತ್ತರು.

ಆ ನಗರದಲ್ಲಿಯೇ ಗಿರೀಂದ್ರಶೇಖರ ಬೋಸರೆಂಬ ವೈದ್ಯರು ದಮನವನ್ನು ಕುರಿತು ಬರೆದ ತಮ್ಮ ಪ್ರಬಂಧವನ್ನು ವಿಯೆನ್ನಾದ ಫ್ರಾಯ್ಡರಿಗೆ ಕಳುಹಿಸಿದರು. 1921ರಲ್ಲಿ ಮೊದಲಾದ ಪತ್ರವ್ಯವಹಾರ 1937ರವರೆಗೆ ನಡೆಯಿತು. ಇಬ್ಬರೂ ಒಮ್ಮೆಯೂ ಭೇಟಿಯಾಗಲಿಲ್ಲ. 1922ರಲ್ಲಿ ಬೋಸರು ಭಾರತೀಯ ಮನೋವಿಶ್ಲೇಷಣ ಸಂಘವನ್ನು ಸ್ಥಾಪಿಸಿದರು. ಆದರೆ ಅವರು ಶಿಷ್ಯನಂತೆ ತಲೆದೂಗುತ್ತ ಕುಳಿತವರಲ್ಲ. ಪ್ರತಿಯೊಂದು ಬಯಕೆಯ ಬೆನ್ನಿಗೂ ಅದರ ವಿರುದ್ಧ ಬಯಕೆಯಿರುತ್ತದೆಂಬುದು ಅವರ ಸ್ವಂತ ಸಿದ್ಧಾಂತ. ಯೂರೋಪಿನ ರೋಗಿಗಳಲ್ಲಿ ಕಾಣುವ ಭಯ ತಮ್ಮ ಭಾರತೀಯ ರೋಗಿಗಳಲ್ಲಿ ಅದೇ ರೂಪದಲ್ಲಿ ಕಾಣುವುದಿಲ್ಲವೆಂದು ಅವರು ಫ್ರಾಯ್ಡರಿಗೇ ಬರೆದರು. ನನ್ನ ಮಟ್ಟಿಗೆ, ಈ ಶಾಸ್ತ್ರ ಇಲ್ಲಿ ಬೇರೂರುವ ಮೊದಲ ಲಕ್ಷಣ ಆ ಪತ್ರದಲ್ಲಿದೆ.

ಶೀಲರು 1921ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿ ಬಂದರು. ಅವರ ಕಾಲದಲ್ಲಿಯೇ, 1924ರಲ್ಲಿ, ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ಅಭ್ಯಾಸ ಮಾಡಿದ್ದ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದರು. ಕೇಳುಗರಿಗೆ ಈ ಹೆಸರು ಬೇರೊಂದು ಕಾರಣದಿಂದ ಪರಿಚಿತ. 1935ರಲ್ಲಿ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ತೆರೆದವರು ಇವರೇ; ‘ಆಕಾಶವಾಣಿ’ ಎಂಬ ಹೆಸರು ಆ ಕೇಂದ್ರದ್ದು. ಬುದ್ಧಿಯನ್ನು ಅಳೆಯಲು ಕಲಿತವರು ದನಿಯನ್ನು ಹರಡಲು ಹೊರಟರು!

ಅಳೆಯುವುದೇನೋ ಸರಿ, ಯಾವ ಅಳತೆಗೋಲಿನಿಂದ? ಪ್ಯಾರಿಸ್ಸಿನ ಮಕ್ಕಳಿಗೆಂದು ಬಿನೆ ರಚಿಸಿದ ಪ್ರಶ್ನೆಗಳನ್ನು ಹಾಗೆಯೇ ಹಳ್ಳಿಯ ಹುಡುಗನಿಗೆ ಒಡ್ಡಿದರೆ, ತಿಳಿಯುವುದು ಅವನ ದಡ್ಡತನವಲ್ಲ, ಪ್ರಶ್ನೆಯ ಪರಕೀಯತೆ. ವಿ. ವಿ. ಕಾಮತರು ಈ ಪರೀಕ್ಷೆಗಳನ್ನು ಕನ್ನಡ, ಮರಾಠಿ ಮಕ್ಕಳಿಗಾಗಿ ಪರಿಷ್ಕರಿಸಿ, 1940ರಲ್ಲಿ ಗ್ರಂಥವನ್ನೇ ಪ್ರಕಟಿಸಿದರು. ಅಂಥ ದುಡಿಮೆ ವಿರಳವಾಗಿತ್ತು. ಸ್ವಾತಂತ್ರ್ಯಾನಂತರ ವಿಭಾಗಗಳು ಹೆಚ್ಚಿದವು. ಎರವಲು ಪ್ರಶ್ನಾವಳಿಗಳೂ ಹೆಚ್ಚಿದವು. ಅಲಹಾಬಾದಿನ ದುರ್ಗಾನಂದ ಸಿನ್ಹಾ ಅವರು ಬಡತನ, ಗ್ರಾಮಜೀವನಗಳತ್ತ ಈ ಶಾಸ್ತ್ರದ ಮುಖ ತಿರುಗಬೇಕೆಂದು ವಾದಿಸಿದ್ದು ಈ ಹಿನ್ನೆಲೆಯಲ್ಲಿ.

ಬೆಂಗಳೂರಿನಲ್ಲಿ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ, 1974ರಲ್ಲಿ ನಿಮ್ಹಾನ್ಸ್ ಎನಿಸಿತು. ಅಲ್ಲಿಗೆ ಬಂದ ರೋಗಿ ತನ್ನ ಸಂಕಟವನ್ನು ಹೇಳಿಕೊಳ್ಳುವುದು ತನ್ನ ಮಾತಿನಲ್ಲಿ. ವೈದ್ಯನು ಅದನ್ನು ಬರೆದುಕೊಳ್ಳುವುದು ಇಂಗ್ಲಿಷಿನಲ್ಲಿ. ಈ ಕಂದಕಕ್ಕೆ ಕನ್ನಡದಿಂದ ಸೇತುವೆ ಕಟ್ಟಹೊರಟವರಲ್ಲಿ ‘ಕೊರವಂಜಿ’ಯ ಡಾ. ಎಂ. ಶಿವರಾಂ ಒಬ್ಬರು. ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಕಥೆ, ಕಾದಂಬರಿ, ಕಾವ್ಯಗಳಿಗಲ್ಲದೆ, ಮನೋರೋಗಗಳನ್ನು ಕನ್ನಡಿಗರಿಗೆ ಕನ್ನಡದಲ್ಲಿ ತಿಳಿಸಿದ ಪುಸ್ತಕಕ್ಕೆ.