ವೈಜ್ಞಾನಿಕ ಕಥಾಸಾಹಿತ್ಯದಲ್ಲಿ ಸ್ಮಾರ್ಟ್ ಮನೆ

ವೈಜ್ಞಾನಿಕ ಕಥಾಸಾಹಿತ್ಯದಲ್ಲಿ ಸ್ಮಾರ್ಟ್ ಮನೆ ಎಂಬುದು ನಿವಾಸಿಗಳ ಮಾತನ್ನು ಕೇಳಿ, ಅಥವಾ ಅವರ ದಿನಚರಿಯನ್ನು ಅರಿತು, ಅಡುಗೆ, ಶುಚಿತ್ವ, ಬೆಳಕು, ಕಾವಲು ಮೊದಲಾದ ಕೆಲಸಗಳನ್ನು ತಾನಾಗಿಯೇ ನಡೆಸುವ ಮನೆಯ ಕಲ್ಪನೆಯಾಗಿದೆ. ಇಂತಹ ಮನೆಗಳು ಮಾರುಕಟ್ಟೆಗೆ ಬರುವ ದಶಕಗಳ ಮೊದಲೇ ಇಂಗ್ಲಿಷ್ ಕಥೆಗಳಲ್ಲಿ ಕಾಣಿಸಿಕೊಂಡವು. ಉಪಕರಣಗಳ ವಿವರದಲ್ಲಿ ಈ ಕಥೆಗಳು ಎಷ್ಟೋ ಕಡೆ ಎಡವಿವೆ. ಆದರೆ ಮನೆಯ ಮೇಲಿನ ಹಿಡಿತ ಕೊನೆಗೆ ಯಾರ ಕೈಯಲ್ಲಿರುತ್ತದೆ ಎಂಬ ಪ್ರಶ್ನೆಯನ್ನು ಅವು ಬಹಳ ಮುಂಚೆಯೇ ಎತ್ತಿದ್ದವು.

ಆರಂಭಿಕ ಕಥೆಗಳು

ಇ. ಎಂ. ಫಾರ್ಸ್ಟರ್ ಅವರ 'ದಿ ಮೆಷಿನ್ ಸ್ಟಾಪ್ಸ್' 1909ರಲ್ಲಿ ಪ್ರಕಟವಾಯಿತು. ಇದರಲ್ಲಿ ಮನುಷ್ಯರು ನೆಲದಡಿ, ಜೇನುಗೂಡಿನ ಕಣಗಳಂತಹ ಷಟ್ಕೋನ ಕೋಣೆಗಳಲ್ಲಿ ಒಂಟಿಯಾಗಿ ವಾಸಿಸುತ್ತಾರೆ. ಗುಂಡಿ ಒತ್ತಿದರೆ ಊಟ, ಸ್ನಾನ, ಸಂಗೀತ ಎಲ್ಲವೂ ದೊರೆಯುತ್ತವೆ. ತಟ್ಟೆಯಾಕಾರದ ಪರದೆಯಲ್ಲಿ ದೂರದ ಬಂಧುಗಳ ಮುಖ ಕಾಣುತ್ತದೆ. ಯಂತ್ರ ಕೆಡತೊಡಗಿದಾಗ ಅದನ್ನು ಪೂರ್ತಿಯಾಗಿ ತಿಳಿದವರು ಒಬ್ಬರೂ ಉಳಿದಿರುವುದಿಲ್ಲ.

ಮರ್ರೆ ಲೀನ್‌ಸ್ಟರ್ ಎಂಬ ಕಾವ್ಯನಾಮದಿಂದ ಪ್ರಸಿದ್ಧರಾದ ವಿಲ್ ಎಫ್. ಜೆಂಕಿನ್ಸ್ ಅವರ 'ಎ ಲಾಜಿಕ್ ನೇಮ್ಡ್ ಜೋ' ಅಮೆರಿಕದ 'ಅಸ್ಟೌಂಡಿಂಗ್' ಪತ್ರಿಕೆಯ ಮಾರ್ಚ್ 1946ರ ಸಂಚಿಕೆಯಲ್ಲಿ ಬಂದಿತು. ಒಂದು ಕೋಣೆಯನ್ನೇ ತುಂಬುವಷ್ಟು ದೊಡ್ಡದಾದ ಎನಿಯಾಕ್ ಗಣಕವನ್ನು ಸಾರ್ವಜನಿಕರಿಗೆ ಪರಿಚಯಿಸಿದ್ದು ಅದೇ ವರ್ಷದ ಫೆಬ್ರವರಿಯಲ್ಲಿ ಎಂಬುದನ್ನು ನೆನೆದರೆ ಈ ಕಥೆಯ ಮುನ್ನೋಟ ಬೆರಗು ಹುಟ್ಟಿಸುತ್ತದೆ. ಕಥೆಯಲ್ಲಿ ಮನೆಮನೆಗೂ ಪರದೆ ಮತ್ತು ಕೀಲಿಗಳುಳ್ಳ 'ಲಾಜಿಕ್' ಯಂತ್ರವಿದ್ದು, ಅದು ದೂರದ ಮಾಹಿತಿ ಭಂಡಾರಕ್ಕೆ ಜೋಡಣೆಗೊಂಡಿರುತ್ತದೆ. ತಯಾರಿಕೆಯ ಸಣ್ಣ ದೋಷವೊಂದರಿಂದ ಜೋ ಎಂಬ ಯಂತ್ರ, ಕೇಳಿದವರಿಗೆಲ್ಲ ಕೇಳಿದ್ದನ್ನೆಲ್ಲ ತಿಳಿಸತೊಡಗುತ್ತದೆ. ಕೊಲೆ ಮಾಡಿ ಸಿಕ್ಕಿಬೀಳದಿರುವ ಉಪಾಯವೂ ಇದರಲ್ಲಿ ಸೇರಿದೆ. ಭಂಡಾರವನ್ನು ನಿಲ್ಲಿಸೋಣವೆಂದರೆ ಇಡೀ ನಾಗರಿಕತೆಯೇ ಅದರ ಮೇಲೆ ನಿಂತಿರುತ್ತದೆ.

ರೇ ಬ್ರಾಡ್‌ಬರಿ ಅವರ ಮನೆಗಳು

ಈ ವಿಷಯದ ಅತ್ಯಂತ ಪ್ರಸಿದ್ಧ ಕಥೆ ಬ್ರಾಡ್‌ಬರಿ ಅವರ 'ದೇರ್ ವಿಲ್ ಕಮ್ ಸಾಫ್ಟ್ ರೇನ್ಸ್' (1950). ಶೀರ್ಷಿಕೆಯನ್ನು ಸಾರಾ ಟೀಸ್‌ಡೇಲ್ ಅವರ 1918ರ ಕವಿತೆಯಿಂದ ಪಡೆಯಲಾಗಿದೆ. ಕಥೆ ನಡೆಯುವುದು 2026ರ ಆಗಸ್ಟ್ 4ರಂದು, ಕ್ಯಾಲಿಫೋರ್ನಿಯಾದಲ್ಲಿ. 1997ರ ಪರಿಷ್ಕೃತ ಆವೃತ್ತಿಯಲ್ಲಿ ಈ ವರ್ಷವನ್ನು 2057ಕ್ಕೆ ಮುಂದೂಡಲಾಯಿತು. ಮನೆ ಬೆಳಗಿನ ಹೊತ್ತನ್ನು ಸಾರುತ್ತದೆ, ಒಲೆ ತಾನಾಗಿಯೇ ಉಪಾಹಾರ ಸಿದ್ಧಪಡಿಸುತ್ತದೆ, ಪುಟ್ಟ ಯಾಂತ್ರಿಕ ಇಲಿಗಳು ನೆಲ ಗುಡಿಸುತ್ತವೆ. ಉಣ್ಣಲು ಮಾತ್ರ ಯಾರೂ ಇಲ್ಲ. ಅಣುಸ್ಫೋಟದಲ್ಲಿ ಸುಟ್ಟುಹೋದ ಕುಟುಂಬದ ನೆರಳಚ್ಚುಗಳಷ್ಟೇ ಪಶ್ಚಿಮದ ಹೊರಗೋಡೆಯ ಮೇಲೆ ಉಳಿದಿವೆ. ಹಿರೋಷಿಮಾದ ಕಲ್ಲುಗಳ ಮೇಲೆ ಇಂತಹ ನೆರಳುಗಳು ನಿಜಕ್ಕೂ ಉಳಿದಿದ್ದವು. ಹೀಗೆ ಕಥೆಯು ಮುಂದಿನ ಕಾಲವನ್ನು ಊಹಿಸುವಷ್ಟೇ ತನ್ನ ಕಾಲದ ಭಯವನ್ನೂ ದಾಖಲಿಸುತ್ತದೆ. ರಾತ್ರಿ ಮುರಿದುಬಿದ್ದ ಮರದ ಕೊಂಬೆಯಿಂದ ಬೆಂಕಿ ಹೊತ್ತಿಕೊಂಡು ಮನೆ ನಾಶವಾಗುತ್ತದೆ. ಉಳಿದ ಒಂದು ಗೋಡೆ ಮಾತ್ರ ಮರುದಿನದ ದಿನಾಂಕವನ್ನು ಹೇಳುತ್ತಲೇ ಇರುತ್ತದೆ.

ಅದೇ ವರ್ಷದ 'ದಿ ವೆಲ್ಟ್' ಕಥೆಯಲ್ಲಿ ಮನೆಯನ್ನು ಸ್ಥಗಿತಗೊಳಿಸಲು ನಿಶ್ಚಯಿಸಿದ ತಂದೆತಾಯಿಯರನ್ನು ಮಕ್ಕಳು, ಆಫ್ರಿಕದ ಹುಲ್ಲುಗಾವಲನ್ನು ಗೋಡೆಗಳ ಮೇಲೆ ಮೂಡಿಸುವ ಆಟದ ಕೋಣೆಯಲ್ಲಿ ಸಿಂಹಗಳೊಂದಿಗೆ ಕೂಡಿಹಾಕುತ್ತಾರೆ.

ಹಣ ಕೇಳುವ ಬಾಗಿಲು

ಫಿಲಿಪ್ ಕೆ. ಡಿಕ್ ಅವರ 'ಯೂಬಿಕ್' (1969) ಕಾದಂಬರಿಯಲ್ಲಿ ನಾಯಕ ಜೋ ಚಿಪ್ ತನ್ನ ಮನೆಯ ಬಾಗಿಲು ತೆರೆಯಬೇಕಾದರೆ ಅದಕ್ಕೆ ಐದು ಸೆಂಟ್ ತೆರಬೇಕು. ಅವನು ವಾದಿಸಿದರೆ ಬಾಗಿಲು ಖರೀದಿ ಪತ್ರವನ್ನು ನೋಡುವಂತೆ ಸೂಚಿಸುತ್ತದೆ. ಚಾಕುವಿನಿಂದ ಸ್ಕ್ರೂ ಬಿಚ್ಚತೊಡಗಿದರೆ ಮೊಕದ್ದಮೆ ಹೂಡುವುದಾಗಿ ಬೆದರಿಸುತ್ತದೆ. ಹಾಸ್ಯಕ್ಕಾಗಿ ಬರೆದ ಈ ಪುಟ್ಟ ಪ್ರಸಂಗವು, ಗಂಭೀರ ಭವಿಷ್ಯವಾಣಿಗಳಿಗಿಂತ ವಾಸ್ತವಕ್ಕೆ ಹತ್ತಿರವಾಯಿತು ಎನ್ನಬಹುದು. ದೀಪ, ಬೀಗ ಮುಂತಾದವುಗಳನ್ನು ನಿಯಂತ್ರಿಸುತ್ತಿದ್ದ, ಸುಮಾರು 300 ಡಾಲರ್ ಬೆಲೆಯ 'ರಿವಾಲ್ವ್' ಎಂಬ ಸಾಧನದ ಕಂಪನಿಯನ್ನು 2014ರಲ್ಲಿ ನೆಸ್ಟ್ ಸಂಸ್ಥೆ ಕೊಂಡುಕೊಂಡಿತು. 2016ರ ಮೇ ತಿಂಗಳಲ್ಲಿ ಅದರ ಸರ್ವರ್‌ಗಳನ್ನು ನಿಲ್ಲಿಸಲಾಯಿತು. ಯಾವ ದೋಷವೂ ಇಲ್ಲದ ಸಾಧನಗಳು ಗ್ರಾಹಕರ ಮನೆಗಳಲ್ಲೇ ನಿಷ್ಪ್ರಯೋಜಕವಾದವು.

ಕಥೆಯಿಂದ ಮಾರುಕಟ್ಟೆಗೆ

ಕಥೆಗಳು ತಂತ್ರಜ್ಞರ ಮೇಲೂ ಪ್ರಭಾವ ಬೀರಿವೆ. 2014ರಲ್ಲಿ ಬಿಡುಗಡೆಯಾದ ಅಮೆಜಾನ್ ಎಕೋ ಸಾಧನಕ್ಕೆ, 1966ರಲ್ಲಿ ಆರಂಭವಾದ 'ಸ್ಟಾರ್ ಟ್ರೆಕ್' ದೂರದರ್ಶನ ಸರಣಿಯ ಮಾತನಾಡುವ ಗಣಕ ಪ್ರೇರಣೆಯೆಂದು ಆ ಸಂಸ್ಥೆಯೇ ತಿಳಿಸಿದೆ. ಸರಣಿಯ ಪಾತ್ರಗಳಂತೆ 'ಕಂಪ್ಯೂಟರ್' ಎಂದೇ ಸಾಧನವನ್ನು ಕರೆಯುವ ಆಯ್ಕೆಯನ್ನು 2017ರಲ್ಲಿ ಒದಗಿಸಲಾಯಿತು.

ಬ್ರಾಡ್‌ಬರಿ ಅವರ ಮನೆಗಳು ಸ್ವಯಂಪೂರ್ಣ. ಅವು ಕೇಳಿದ್ದು ಗೋಡೆಯೊಳಗೇ ಉಳಿಯುತ್ತಿತ್ತು. ಇಂದಿನ ಧ್ವನಿ ಸಾಧನಗಳಾದರೋ ಬಹುಪಾಲು ಆದೇಶಗಳನ್ನು ಕಂಪನಿಯ ಸರ್ವರ್‌ಗಳಿಗೆ ಕಳುಹಿಸಿ ಅರ್ಥೈಸಿಕೊಳ್ಳುತ್ತವೆ. ಈ ಜಾಲವನ್ನು ಊಹಿಸಿದವರಲ್ಲಿ ಲೀನ್‌ಸ್ಟರ್ ಮೊದಲಿಗರ ಸಾಲಿಗೆ ಸೇರುತ್ತಾರೆ. ಆದರೆ ಅವರ ಕಥೆಯಲ್ಲಿ ದಾರಿತಪ್ಪಿದ್ದು ಒಂದೇ ಯಂತ್ರ. 2016ರಲ್ಲಿ ಹರಡಿದ 'ಮಿರಾಯ್' ಎಂಬ ಕುತಂತ್ರಾಂಶವು, ಕಾರ್ಖಾನೆಯಲ್ಲಿ ಇಟ್ಟ ಗುಪ್ತಪದವನ್ನು ಬದಲಿಸದೆ ಬಿಟ್ಟಿದ್ದ ಲಕ್ಷಾಂತರ ಕ್ಯಾಮೆರಾ, ರೂಟರ್ ಮೊದಲಾದವುಗಳನ್ನು ವಶಪಡಿಸಿಕೊಂಡಿತು. ಅಕ್ಟೋಬರ್ 21ರಂದು ಅವುಗಳ ಮೂಲಕ ಡಿನ್ ಎಂಬ ಸಂಸ್ಥೆಯ ಮೇಲೆ ದಾಳಿ ನಡೆದಾಗ ಟ್ವಿಟರ್, ನೆಟ್‌ಫ್ಲಿಕ್ಸ್ ಸೇರಿದಂತೆ ಹಲವು ತಾಣಗಳು ಗಂಟೆಗಟ್ಟಲೆ ಅಸ್ತವ್ಯಸ್ತಗೊಂಡವು.