ಜೈಲಿನ ಲೆಕ್ಕದಲ್ಲಿ ಬರೆಯದ ಬಾಬ್ತು

ಪ್ರತಿವರ್ಷ ಬಜೆಟ್ಟಿನ ದಪ್ಪ ಸಂಪುಟಗಳು ಬರುತ್ತವೆ. ಅವುಗಳಲ್ಲಿ 2055 ಎಂಬ ಲೆಕ್ಕಶೀರ್ಷಿಕೆ ಪೊಲೀಸರದ್ದು, 2056 ಜೈಲುಗಳದ್ದು. ಸದನ ಒಪ್ಪಿದ ಮಿತಿ ಸಾಲದಾದರೆ ಪೂರಕ ಅಂದಾಜು ತಂದು ಏರಿಸುತ್ತಾರೆ, ಇಲ್ಲವೇ ಒಂದು ಬಾಬ್ತಿನ ಹಣವನ್ನು ಇನ್ನೊಂದಕ್ಕೆ ಹೊಂದಿಸುತ್ತಾರೆ. ಇದೆಲ್ಲ ಗುಮಾಸ್ತರ ಕೆಲಸ, ಇದಕ್ಕೂ ದಲಿತ ವಿಮರ್ಶೆಗೂ ಏನು ಸಂಬಂಧ ಅಂತ ಕೇಳಬಹುದು. ಸಂಬಂಧ ಇದೆ. ಶಿಕ್ಷೆ ಕೊಡುವುದಕ್ಕೆ ಪ್ರಭುತ್ವ ಎಷ್ಟು ಖರ್ಚು ಮಾಡುತ್ತದೆ, ಮಿಕ್ಕದ್ದನ್ನು ಯಾರ ಮೈಯಿಂದ ವಸೂಲು ಮಾಡುತ್ತದೆ ಎಂಬುದು ಜಾತಿಯ ಚರಿತ್ರೆಯೂ ಹೌದು.

ಪೊಲೀಸ್ ವಿಷಯದಲ್ಲಿ ಬ್ರಿಟಿಷ್ ಸರ್ಕಾರ ಈ ವಸೂಲಿಯನ್ನು ರಾಜಾರೋಷವಾಗಿಯೇ ಮಾಡಿತು. 1861ರ ಪೊಲೀಸ್ ಕಾಯ್ದೆಯ 15ನೇ ಕಲಮಿನ ಪ್ರಕಾರ ಗಲಭೆಯ ಊರಿಗೆ ಹೆಚ್ಚುವರಿ ಪೊಲೀಸರನ್ನು ಹಾಕಿದರೆ ಅದರ ಖರ್ಚನ್ನು ಆ ಊರಿನವರೇ ಹೊರಬೇಕು. ಅದು ಹಣದ ವಸೂಲಿ, ಲೆಕ್ಕಕ್ಕೆ ಸಿಗುವಂಥದ್ದು. ಜೈಲಿನೊಳಗಿನ ವಸೂಲಿ ಹಾಗಲ್ಲ.

ಮೆಕಾಲೆಯ ಒತ್ತಾಯದಿಂದ ಆದ ಜೈಲು ಶಿಸ್ತಿನ ಸಮಿತಿ 1838ರಲ್ಲಿ ವರದಿ ಕೊಟ್ಟಿತು. ಅಲ್ಲಿಯತನಕ ಅನೇಕ ಜೈಲುಗಳಲ್ಲಿ ಕೈದಿಗಳು ದಿನದ ಕಾಸು ಪಡೆದು ತಾವೇ ಬೇಯಿಸಿಕೊಳ್ಳುತ್ತಿದ್ದರು. 1840ರ ದಶಕದಲ್ಲಿ ಸಾಮೂಹಿಕ ಅಡುಗೆ ಬಂತು. ಜಾತಿ ಕೆಡುತ್ತದೆಂದು ಬಿಹಾರದ ಜೈಲುಗಳಲ್ಲಿ ಗಲಭೆಗಳಾದವು. 1855ರಲ್ಲಿ ಹಿತ್ತಾಳೆ ಲೋಟಾ ಕಿತ್ತುಕೊಂಡು ಮಣ್ಣಿನ ಪಾತ್ರೆ ಕೊಟ್ಟಾಗ ಆರಾ, ಮುಜಫರ್‌ಪುರಗಳು ಹೊತ್ತಿಕೊಂಡವು, ಊರಿನವರೂ ಕೈಜೋಡಿಸಿದರು. ಸರ್ಕಾರ ಬಾಗಿತು. ಮೇಲುಜಾತಿಯವರ ಮಡಿಗೆ ಜೈಲಿನಲ್ಲೂ ಬೆಲೆ ಸಿಕ್ಕಿತು. ಈ ಗಲಭೆಗಳು ಇತಿಹಾಸದ ಪುಸ್ತಕಗಳನ್ನೂ ಸೇರಿದವು. ಅದೇ ಜೈಲುಗಳ ಕಕ್ಕಸು ಬಳಿದವರ ಮಾತು ಮಾತ್ರ ಎಲ್ಲಿ ಹೋಯಿತು?

ಅವರು ನಿಯಮದ ಪುಸ್ತಕದಲ್ಲಿ ಕೂತರು. 1894ರ ಕಾರಾಗೃಹ ಕಾಯ್ದೆಯ ಕೆಳಗೆ ಬಂದ ಕೈಪಿಡಿಗಳಲ್ಲಿ ಕೆಲಸದ ಹಂಚಿಕೆಯೇ ವರ್ಣವ್ಯವಸ್ಥೆಯ ನಕಲಾಯಿತು. ಪಶ್ಚಿಮ ಬಂಗಾಳದ ನಿಯಮದಲ್ಲಿ ಅಡುಗೆಗೆ ತಕ್ಕ ಜಾತಿಯವರು, ಗುಡಿಸಲಿಕ್ಕೆ ಮೆಹ್ತರ್, ಹಾರಿ, ಚಂಡಾಲರು. ಸ್ವಾತಂತ್ರ್ಯ ಬಂದ ಮೇಲೆ ಮಾಡಿದ ರಾಜಸ್ಥಾನದ 1951ರ ನಿಯಮಗಳೂ ಇದೇ ಧಾಟಿಯವು. ಸಂವಿಧಾನದ 17ನೇ ವಿಧಿ ಜೈಲಿನ ಬಾಗಿಲಲ್ಲೇ ನಿಂತಿತ್ತು. ಇದನ್ನು ಸಂಪ್ರದಾಯ ಅಂತ ಮಾತ್ರ ಓದಿದರೆ ಸಾಲದು, ಉಳಿತಾಯ ಅಂತಲೂ ಓದಬೇಕು. ಜಾಡಮಾಲಿಯ ಹುದ್ದೆ ಮಂಜೂರು ಮಾಡಿದರೆ ಸಂಬಳ, ಪಿಂಚಣಿ ಕೊಡಬೇಕು. ಜಾತಿ ನೋಡಿ ಕೈದಿಯ ಕೈಗೆ ಪೊರಕೆ ಕೊಟ್ಟರೆ ಆ ಖರ್ಚು ಬರುವುದಿಲ್ಲ. ಕಠಿಣ ಸಜೆಯ ಕೈದಿಗಳಿಗೆ ನ್ಯಾಯವಾದ ಕೂಲಿ ಕೊಡಿ ಎಂದು ಸುಪ್ರೀಂ ಕೋರ್ಟು ಹೇಳಿದ್ದೇ 1998ರಲ್ಲಿ. ಆ ಕೂಲಿಯಲ್ಲೂ ಊಟ, ಬಟ್ಟೆಯ ಖರ್ಚು ಮುರಿದುಕೊಳ್ಳಲು ಅವಕಾಶವಿತ್ತು.

ಪತ್ರಕರ್ತೆ ಸುಕನ್ಯಾ ಶಾಂತಾ 2020ರಲ್ಲಿ ಈ ನಿಯಮಗಳನ್ನು ಬಯಲಿಗೆಳೆದು, ಆಮೇಲೆ ಕೋರ್ಟಿಗೂ ಹೋದರು. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಇವು ಸಂವಿಧಾನಬಾಹಿರ ಎಂದು ತೀರ್ಪಿತ್ತು, ಮೂರು ತಿಂಗಳೊಳಗೆ ಕೈಪಿಡಿ ತಿದ್ದಿ ಎಂದು ರಾಜ್ಯಗಳಿಗೆ ಆದೇಶಿಸಿತು. ದೊಡ್ಡ ಗೆಲುವೇ.

ಆದರೆ ನಿಯಮ ಅಳಿಸಿದ ಮಾತ್ರಕ್ಕೆ ಕಕ್ಕಸು ತಾನಾಗಿ ಚೊಕ್ಕಟವಾಗುವುದಿಲ್ಲ. 2022ರ ಸರ್ಕಾರಿ ಅಂಕಿಗಳ ಪ್ರಕಾರ ದೇಶದ ಜೈಲುಗಳಲ್ಲಿ 100 ಜನರ ಜಾಗಕ್ಕೆ 131 ಮಂದಿ ತುಂಬಿದ್ದರು. ನಾಲ್ವರಲ್ಲಿ ಮೂವರು ಇನ್ನೂ ತೀರ್ಪೇ ಆಗದ ವಿಚಾರಣಾಧೀನರು. ಸುಮಾರು ಐವರಲ್ಲೊಬ್ಬರು ಪರಿಶಿಷ್ಟ ಜಾತಿಯವರು. ಇಷ್ಟು ಜನರ ಹೊಲಸನ್ನು ಯಾರೋ ಎತ್ತಲೇಬೇಕಲ್ಲ? ಜೈಲು ರಾಜ್ಯದ ವಿಷಯ, ಹಣವೂ ರಾಜ್ಯದ್ದೇ. 2056ರಲ್ಲಿ ಸಫಾಯಿ ಹುದ್ದೆಗೆ, ಯಂತ್ರಕ್ಕೆ, ಒಳಚರಂಡಿಗೆ ಮಿತಿ ಏರಿಸದೆ ಕೈಪಿಡಿಯನ್ನು ಮಾತ್ರ ತಿದ್ದಿದರೆ, ಮೊದಲು ಬರೆದಿಟ್ಟು ಮಾಡಿಸುತ್ತಿದ್ದದ್ದನ್ನು ಇನ್ನುಮುಂದೆ ಬರೆಯದೆ ಮಾಡಿಸುತ್ತಾರೆ, ಅಷ್ಟೇ. ಬರೆದದ್ದನ್ನು ಕೋರ್ಟಿಗಾದರೂ ಒಯ್ಯಬಹುದಿತ್ತು.

ನಮ್ಮ ವಿಮರ್ಶೆ ಕಾವ್ಯ, ಪುರಾಣಗಳನ್ನು ಒಡೆದು ಓದುವುದನ್ನು ಕಲಿತಿದೆ. ಪೂರಕ ಅಂದಾಜಿನ ಪುಟಗಳನ್ನೂ ಹಾಗೇ ಓದಲಿ. ಈ ಸಲ ಜೈಲಿಗೆ ಹಣ ಏರಿಸಿದರೆ ಅದು ಗೋಡೆಗೋ, ಕ್ಯಾಮೆರಾಕ್ಕೋ, ಸಫಾಯಿಯವರ ಸಂಬಳಕ್ಕೋ ಅಂತ ಕೇಳೋಣ.