ದೂರಿನಿಂದ ನೀತಿಗೆ: ಮಾಗಡಿ ಸೀಮೆಯ ಬೀಜ, ಬೆಳೆ ವಿಮೆ ಮತ್ತು ಸಲಹಾ ಸಂಸ್ಥೆಗಳ ಹೊಣೆ

ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿಯನ್ನು ಹೊರಗಿನವರು ಅರಿತಿರುವುದು ಅಲ್ಲಿನ ಕೆರೆಯಿಂದ. ಚಳಿಗಾಲಕ್ಕೆ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುವ ಆ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಸುತ್ತಲಿನ ಹೊಲಗಳ ಕಥೆಗೆ ಅಂಥ ಪ್ರಸಿದ್ಧಿ ಇಲ್ಲ. ಶೇಂಗಾ, ಹೆಸರು, ಹತ್ತಿ, ಗೋವಿನಜೋಳ ಬಿತ್ತುವ ಈ ಮಳೆಯಾಶ್ರಿತ ಸೀಮೆಯ ರೈತ ಬೆಳೆಗಾರನಷ್ಟೇ ಅಲ್ಲ, ಗ್ರಾಹಕನೂ ಹೌದು. ಬೀಜ ಕೊಳ್ಳುತ್ತಾನೆ, ಗೊಬ್ಬರ ಕೊಳ್ಳುತ್ತಾನೆ, ವಿಮೆಯ ಕಂತು ಕಟ್ಟುತ್ತಾನೆ. ಬೀಜ ಮೊಳೆಯದಿದ್ದಾಗ, ವಿಮೆ ಜಮಾ ಆಗದಿದ್ದಾಗ ಅವನಿಗೆ ದಾರಿ ತೋರಿಸುವ ಸಂಘ ಸಂಸ್ಥೆಗಳು ಒಂದೊಂದೇ ದೂರನ್ನು ಗೆಲ್ಲಿಸಿಕೊಟ್ಟರೆ ಸಾಲದು. ಅದೇ ದೂರು ವರ್ಷ ವರ್ಷವೂ ಯಾಕೆ ಹುಟ್ಟುತ್ತದೆ ಎಂಬುದನ್ನು ಲೆಕ್ಕವಿಟ್ಟು ನಿಯಮ ಮಾಡುವವರ ಮುಂದಿಡಬೇಕು ಎಂಬುದು ಈ ಲೇಖನದ ವಾದ.

ಮೊದಲು ಕಾನೂನು. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರು ಸಲ್ಲಿಸಬೇಕಾದದ್ದು ಎದುರುದಾರರು ಇರುವ ಊರಲ್ಲಿ ಅಥವಾ ದೂರಿಗೆ ಕಾರಣವಾದ ಸಂಗತಿ ನಡೆದ ಕಡೆ. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಕಾಯ್ದೆ ಇದಕ್ಕೆ ಒಂದು ಮಾತು ಸೇರಿಸಿತು: ದೂರುದಾರ ವಾಸವಿರುವ ಜಿಲ್ಲೆಯಲ್ಲೂ ದೂರು ಕೊಡಬಹುದು. ಬೀಜದ ಕಂಪನಿಯ ಕಚೇರಿ ಯಾವ ಮಹಾನಗರದಲ್ಲೇ ಇರಲಿ, ಮಾಗಡಿಯವನಿಗೆ ಗದಗದ ಜಿಲ್ಲಾ ಗ್ರಾಹಕ ಆಯೋಗ ಸಾಕು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಅವಧಿ 2 ವರ್ಷ. ಸಲಹಾ ಸಂಸ್ಥೆಗಳಿಗೆ ಇದಕ್ಕಿಂತ ಮುಖ್ಯವಾದದ್ದು 35ನೇ ಕಲಮು. ಮಾನ್ಯತೆ ಪಡೆದ ಗ್ರಾಹಕ ಸಂಘ, ನೊಂದವನು ತನ್ನ ಸದಸ್ಯನಾಗಿರಲಿ ಬಿಡಲಿ, ಅವನ ಪರವಾಗಿ ದೂರು ದಾಖಲಿಸಬಹುದು.

ಬೀಜದ ವಿಷಯದಲ್ಲಿ ಸುಪ್ರೀಂ ಕೋರ್ಟ್ 2012ರ ಜನವರಿಯಲ್ಲಿ ಕೊಟ್ಟ ತೀರ್ಪು ರೈತರ ಪಾಲಿಗೆ ದೊಡ್ಡದು. ನ್ಯಾಷನಲ್ ಸೀಡ್ಸ್ ಕಾರ್ಪೊರೇಷನ್ ಮತ್ತು ಆಂಧ್ರದ ರೈತರ ನಡುವಿನ ಆ ವ್ಯಾಜ್ಯದಲ್ಲಿ ನಿಗಮದ ವಾದಗಳಲ್ಲೊಂದು, ಬೀಜದ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸದೆ ದೋಷ ಹೇಳಲಾಗದು ಎಂಬುದು. ಕೊಂಡ ಬೀಜವನ್ನೆಲ್ಲ ಬಿತ್ತುವ ರೈತ ಪರೀಕ್ಷೆಗೆಂದು ಬೀಜ ಎತ್ತಿಡುತ್ತಾನೆಂದು ನಿರೀಕ್ಷಿಸಲಾಗದು ಎಂದಿತು ನ್ಯಾಯಾಲಯ. ರೈತ ಗ್ರಾಹಕನೇ ಎಂದೂ, ಬೀಜ ಕಾಯ್ದೆ ಇದೆ ಎಂಬ ಕಾರಣಕ್ಕೆ ಗ್ರಾಹಕ ವೇದಿಕೆಯ ಬಾಗಿಲು ಮುಚ್ಚುವುದಿಲ್ಲವೆಂದೂ ಹೇಳಿತು. ಹಾಗೆಂದು ಸಾಕ್ಷ್ಯದ ಹೊರೆ ಇಳಿದು ಹೋಗಲಿಲ್ಲ. ಅಂಗಡಿಯ ಪಾವತಿ, ಲಾಟ್ ನಂಬರ್ ಇರುವ ಚೀಟಿ, ಖಾಲಿ ಚೀಲ, ಕೃಷಿ ಅಧಿಕಾರಿಗಳ ಹೊಲ ತಪಾಸಣೆಯ ವರದಿ ಇದ್ದರೆ ಪ್ರಕರಣ ನಿಲ್ಲುತ್ತದೆ. ಬಿತ್ತನೆ ಮುಗಿದ ದಿನವೇ ಚೀಲವನ್ನು ಬೇರೆ ಕೆಲಸಕ್ಕೆ ಹಚ್ಚುವ ಮನೆಗಳಲ್ಲಿ ಈ ಮಾತನ್ನು ಮುಂಗಾರಿಗೆ ಮೊದಲೇ ಹೇಳಬೇಕು, ಬೆಳೆ ಹೋದ ಮೇಲೆ ಅಲ್ಲ.

ಬೆಳೆ ವಿಮೆಯದು ಇನ್ನೂ ಜಟಿಲ. 2016ರ ಮುಂಗಾರಿನಿಂದ ಬಂದ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ರೈತನ ಪಾಲಿನ ಕಂತು ಮುಂಗಾರಿಗೆ ವಿಮಾ ಮೊತ್ತದ ಶೇ 2, ಹಿಂಗಾರಿಗೆ ಶೇ 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗಳಿಗೆ ಶೇ 5. ಕಂತು ಕಟ್ಟುವವನು ಒಬ್ಬೊಬ್ಬನೇ, ಇಳುವರಿ ನಷ್ಟ ಅಳೆಯುವುದು ಮಾತ್ರ ಒಟ್ಟಾಗಿ. ಕರ್ನಾಟಕದಲ್ಲಿ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿ ಘಟಕ, ಉಳಿದವಕ್ಕೆ ಹೋಬಳಿ. ಆ ಘಟಕದೊಳಗೆ ಬೆಳೆ ಕಟಾವು ಪ್ರಯೋಗಕ್ಕೆ ಆಯ್ದುಕೊಂಡ ಕೆಲವು ತಾಕುಗಳಲ್ಲಿ ಬಂದ ಇಳುವರಿಯನ್ನು, ಹಿಂದಿನ 7 ವರ್ಷಗಳ ಪೈಕಿ ಉತ್ತಮವಾದ 5 ವರ್ಷಗಳ ಸರಾಸರಿಯ ಆಧಾರದಲ್ಲಿ ನಿಗದಿಪಡಿಸಿದ ಇಳುವರಿಗೆ ಹೋಲಿಸುತ್ತಾರೆ. ಕಡಿಮೆ ಬಂದರೆ ಪರಿಹಾರ, ಇಲ್ಲವಾದರೆ ಇಲ್ಲ. ಒಂದು ಅಡ್ಡ ಮಳೆ ಊರ ಆಚೆ ಸುರಿದು ಈಚೆ ಬಾರದ ಈ ಬಯಲಿನಲ್ಲಿ, ಇಡೀ ಹೋಬಳಿಯ ಸರಾಸರಿ ಒಂದು ಹೊಲದ ಒಣಗನ್ನು ಹೇಗೆ ತಾನೆ ತೋರಿಸೀತು? ಆಲಿಕಲ್ಲು, ಜಲಾವೃತದಂಥ ಸ್ಥಳೀಯ ವಿಕೋಪಕ್ಕೆ ಹೊಲದ ಮಟ್ಟದ ಅಳತೆ ಇದೆ. ಆದರೆ 72 ಗಂಟೆಯೊಳಗೆ ತಿಳಿಸಬೇಕು.

ಇಲ್ಲಿ ದೂರುಗಳು ಎರಡು ಬಗೆ. ಬ್ಯಾಂಕು ಸರ್ವೆ ನಂಬರನ್ನೋ ಬೆಳೆಯ ಹೆಸರನ್ನೋ ತಪ್ಪಾಗಿ ತುಂಬಿದ್ದರೆ ಅದು ಸೇವಾ ನ್ಯೂನತೆ. ಆ ತಪ್ಪಿಗೆ ಬ್ಯಾಂಕೇ ಹೊಣೆ ಎಂದು ಯೋಜನೆಯ ಮಾರ್ಗಸೂಚಿಯೇ ಹೇಳುತ್ತದೆ, ಗ್ರಾಹಕ ಆಯೋಗ ಅದನ್ನು ಸರಿಪಡಿಸಬಲ್ಲದು. ಘಟಕ ದೊಡ್ಡದಾಯಿತು ಎಂಬ ದೂರಿಗೆ ಆಯೋಗದಲ್ಲಿ ಉತ್ತರವಿಲ್ಲ, ಅಲ್ಲಿ ನಿಯಮವನ್ನು ಯಾರೂ ಮುರಿದಿಲ್ಲ. ಬದಲಾಗಬೇಕಾದದ್ದು ನಿಯಮವೇ. ವಿಮೆ ಮಾಡಿಸಿದ ಬೆಳೆ ಒಂದು, ಬೆಳೆ ಸಮೀಕ್ಷೆಯಲ್ಲಿ ದಾಖಲಾದದ್ದು ಇನ್ನೊಂದು ಎಂದು ಅರ್ಜಿ ತಿರಸ್ಕೃತವಾದಾಗ ಎರಡೂ ಬಗೆ ಬೆರೆತಿರುತ್ತವೆ. ಒಂದು ಅರ್ಜಿ ಹೀಗಾದರೆ ಅದು ಕೈತಪ್ಪು. ಒಂದೇ ಪಂಚಾಯಿತಿಯಲ್ಲಿ ಹತ್ತಾರು ಆದರೆ ಸಮೀಕ್ಷೆಯ ಕ್ರಮವನ್ನೇ ಪ್ರಶ್ನಿಸಬೇಕು. ಹತ್ತಾರು ಎಂದು ತಿಳಿಯಬೇಕಾದರೆ ಯಾರಾದರೂ ಅವನ್ನು ಒಂದೆಡೆ ಬರೆದಿಟ್ಟಿರಬೇಕು.

ಬರೆದಿಟ್ಟವರಿಗೆ ಏನು ಸಾಧ್ಯ ಎಂಬುದಕ್ಕೆ ಬ್ರಿಟನ್ನಿನ ಸಿಟಿಜನ್ಸ್ ಅಡ್ವೈಸ್ ಸಾಕ್ಷಿ. 1939ರ ಸೆಪ್ಟೆಂಬರಿನಲ್ಲಿ, ಎರಡನೇ ಮಹಾಯುದ್ಧ ಶುರುವಾದ ವಾರದಲ್ಲೇ ಆರಂಭವಾದ ಈ ಸಂಸ್ಥೆ ಜನರಿಗೆ ಸಲಹೆ ಕೊಡುವುದನ್ನೂ ನೀತಿ ತಿದ್ದಿಸುವುದನ್ನೂ ಒಂದೇ ಕೆಲಸದ ಎರಡು ಮುಖ ಎಂದುಕೊಂಡಿದೆ. ಹಳೆಯ ಗ್ರಾಹಕರಿಂದ ಹೊಸಬರಿಗಿಂತ ಹೆಚ್ಚು ದರ ವಸೂಲಾಗುತ್ತಿದೆ ಎಂದು ಅದು 2018ರಲ್ಲಿ ಸ್ಪರ್ಧಾ ಪ್ರಾಧಿಕಾರಕ್ಕೆ ದೂರಿತು. ಮನೆ ಮತ್ತು ವಾಹನ ವಿಮೆಯಲ್ಲಿ ಆ ಪದ್ಧತಿ 2022ರ ಜನವರಿಯಿಂದ ನಿಷೇಧವಾಯಿತು.

ನಮ್ಮ ದೇಶದ ಉದಾಹರಣೆ ಇದಕ್ಕಿಂತ ಹತ್ತಿರದ್ದು. 1978ರಲ್ಲಿ ಅಹಮದಾಬಾದಿನಲ್ಲಿ ಹುಟ್ಟಿದ ಕನ್ಸ್ಯೂಮರ್ ಎಜುಕೇಷನ್ ಅಂಡ್ ರಿಸರ್ಚ್ ಸೆಂಟರ್ ಜೀವ ವಿಮಾ ನಿಗಮದ ಅಗ್ಗದ ಅವಧಿ ವಿಮೆಯೊಂದನ್ನು ಪ್ರಶ್ನಿಸಿತು. ಆ ಪಾಲಿಸಿ ಸರ್ಕಾರಿ ಮತ್ತು ದೊಡ್ಡ ಸಂಸ್ಥೆಗಳ ಸಂಬಳದಾರರಿಗೆ ಮೀಸಲಾಗಿತ್ತು. 1995ರಲ್ಲಿ ಸುಪ್ರೀಂ ಕೋರ್ಟ್ ಆ ಷರತ್ತು ಸಂವಿಧಾನಬಾಹಿರ ಎಂದಿತು. ಕೂಲಿಯವರಿಗೂ ಒಕ್ಕಲುತನದವರಿಗೂ ಸಂಬಂಧಿಸಿದ ಈ ಗೆಲುವು ನಮ್ಮ ಹಳ್ಳಿಗಳಲ್ಲಿ ಪರಿಚಿತವಾಗಬೇಕಿತ್ತು.

ಗದಗ ಜಿಲ್ಲೆಗೆ ಸಂಘಟನೆ ಹೊಸದಲ್ಲ. ಕಣಗಿನಹಾಳದ ಕೃಷಿ ಪತ್ತಿನ ಸಹಕಾರ ಸಂಘ 1905ರಷ್ಟು ಹಳೆಯದು. ನೀರಿನ ಕರ ಮತ್ತು ಅಭಿವೃದ್ಧಿ ಕರದ ಅಹವಾಲನ್ನು ಕೇಳುವವರಿಲ್ಲದೆ ನರಗುಂದದಲ್ಲಿ ರೈತರು ಬೀದಿಗಿಳಿದು, 1980ರ ಜುಲೈ 21ರಂದು ಗೋಲಿಬಾರ್ ಆಯಿತು. ರಾಜ್ಯ ರೈತ ಸಂಘದ ಹುಟ್ಟಿಗೆ ಆ ದಿನವೇ ನೆಲೆ. ಈಚಿನದೂ ಒಂದಿದೆ. ಕಿರುಸಾಲದ ವಸೂಲಿಗಾರರ ಕಿರುಕುಳದ ಬಗ್ಗೆ ಮಹಿಳೆಯರ ದೂರುಗಳು ರಾಜ್ಯದ ಉದ್ದಗಲಕ್ಕೂ ಒಮ್ಮೆಲೇ ಎದ್ದಾಗ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ಬಂತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಜೀವಗಳು ಹೋದ ಮೇಲೆ ಬಂದ ಕಾನೂನು ಅದು. ದೂರುಗಳನ್ನು ಮೊದಲೇ ಕಲೆಹಾಕಿ ಕೊಡುವ ಸಂಸ್ಥೆಗಳು ತಾಲ್ಲೂಕು ತಾಲ್ಲೂಕಿನಲ್ಲೂ ಇದ್ದಿದ್ದರೆ ಅಷ್ಟು ಕಾಯಬೇಕಿರಲಿಲ್ಲ.

ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿಗಳಲ್ಲಿ ರೈತರಿಗೆ ಅರ್ಜಿ ಬರೆದುಕೊಡುವವರು ಇಡಬೇಕಾದ ದಾಖಲೆ ದೊಡ್ಡದೇನಲ್ಲ: ಪಂಚಾಯಿತಿ, ಬೆಳೆ, ಕಂತು ಕಟ್ಟಿದ ದಿನ, ತಿರಸ್ಕಾರಕ್ಕೆ ಕೊಟ್ಟ ಕಾರಣ. ಉತಾರದ ಪ್ರತಿ ಬೇಡ, ರೈತನ ಹೆಸರೂ ಬೇಡ. ಅದರ ಜೊತೆಗೆ ಮಾಹಿತಿ ಹಕ್ಕಿನಲ್ಲಿ ಆಯಾ ಪಂಚಾಯಿತಿಯ ಕಟಾವು ಪ್ರಯೋಗದ ಅಂಕಿಗಳನ್ನು ಪಡೆದರೆ, ಜಿಲ್ಲಾ ಮಟ್ಟದ ಕುಂದುಕೊರತೆ ಸಮಿತಿಯ ಮುಂದೆ ಇಡಲು ಗಟ್ಟಿ ಪುರಾವೆಯಾಗುತ್ತದೆ. ಯಾವ ಬೆಳೆಗೆ ಯಾವ ಘಟಕ ಎಂಬುದನ್ನು ಸರ್ಕಾರ ಹಂಗಾಮಿಗೆ ಮೊದಲೇ ಅಧಿಸೂಚನೆಯಲ್ಲಿ ಗೊತ್ತುಮಾಡುವುದರಿಂದ, ಹೋಬಳಿಯನ್ನು ಬಿಟ್ಟು ಪಂಚಾಯಿತಿಯನ್ನೇ ಘಟಕ ಮಾಡಿ ಎಂಬ ಬೇಡಿಕೆ ಬೇಸಿಗೆ ಮುಗಿಯುವ ಮೊದಲೇ ಬೆಂಗಳೂರು ತಲುಪಬೇಕು.